ಮೊಳೆ ಹೊಡೆಯದ ಮನೆ

ನಮ್ಮ ಓನರ್ ತೀರಿಕೊಂಡ ದಿನ ಅವರ ಮನೆಯ ತಾರಸಿಯ ಮೇಲೆ ಡ್ರಿಲ್ಲಿಂಗ್ ಮೆಷಿನ್ ಓಡುತ್ತಿತ್ತು.

ಕೆಳಗೆ ವರಾಂಡದಲ್ಲಿ ಅವರನ್ನು ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಸೇವಂತಿಗೆ ಹಾರ, ಗಲ್ಲ ಜಾರದಂತೆ ಬಿಗಿದ ಬಿಳಿ ಪಟ್ಟಿ. ಬದುಕಿದ್ದಾಗಲೂ ಅವರು ಅದೇ ಜಾಗದಲ್ಲಿ ಹೀಗೇ ಬೆನ್ನು ನೆಟ್ಟಗೆ ಮಾಡಿಕೊಂಡು ಗೇಟಿನ ಕಡೆ ನೋಡುತ್ತ ಕೂರುತ್ತಿದ್ದವರು. ಹಾಗಾಗಿ ಒಳಗೆ ಹೋಗುವಾಗ ನಾನು ಅಭ್ಯಾಸಬಲದಿಂದ ಚಪ್ಪಲಿಯನ್ನು ಗೋಡೆಗೆ ತಾಗದಂತೆ ದೂರ ಬಿಟ್ಟೆ. ಮೇಲಿನಿಂದ ಗುರ್ರೆನ್ನುವ ಸದ್ದು ಬರುತ್ತಿತ್ತು. ಸಿಮೆಂಟಿನ ಪುಡಿ ಬಿಸಿಲಿನಲ್ಲಿ ನಿಧಾನವಾಗಿ ಇಳಿದು ಹಾರದ ಮೇಲೂ ಒಂದಿಷ್ಟು ಕೂತಿತ್ತು. ಮಂತ್ರ ಹೇಳುತ್ತಿದ್ದ ಅಯ್ನೋರು ನಡುವೆ ನಿಲ್ಲಿಸಿ ತಲೆಯೆತ್ತಿ ನೋಡಿದರು. ಅವರು ಮತ್ತೆ ಮುಂದುವರಿಸಿದರು.

ನಾನು ಭದ್ರಾವತಿಯಿಂದ ಬಸ್ಸು ಹಿಡಿದು ಬಂದಿದ್ದೆ. ಅಳುವುದಕ್ಕಲ್ಲ. ನಿಜವಾಗಿಯೂ ಹೋದರಾ ಎಂದು ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಳ್ಳುವುದಕ್ಕೆ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅನ್ನುತ್ತಾರೆ. ಆಡೋಣ, ಸಿಕ್ಕರೆ.

ಶಿವಮೊಗ್ಗದ ವಿದ್ಯಾನಗರದಲ್ಲಿ ಆ ಮನೆಗೆ ನಾವು ಬಾಡಿಗೆಗೆ ಬಂದಾಗ ನನಗೆ ಶಂಕರಘಟ್ಟದ ಯೂನಿವರ್ಸಿಟಿ ಆಫೀಸಿನಲ್ಲಿ ಹೊಸದಾಗಿ ಕೆಲಸ ಸಿಕ್ಕಿತ್ತು. ನಮ್ಮ ಯಜಮಾನರು ಊರಿನ ಒಂದು ಬ್ಯಾಂಕಿನಲ್ಲಿದ್ದರು. ಕೆಳಗೆ ಮುಂಭಾಗದಲ್ಲಿ ಓನರ್ ಮತ್ತು ಅವರ ಹೆಂಡತಿ, ಹಿಂಭಾಗದಲ್ಲಿ ಒಂದು ಬಾಡಿಗೆ ಮನೆ, ಮೇಲೆ ಎರಡು. ಓನರ್ ಸರ್ಕಾರಿ ಕೆಲಸದಿಂದ ರಿಟೈರ್ ಆದವರು. ಯಾವ ಇಲಾಖೆ ಎಂದು ಹೇಳಿದರೆ ಆ ಇಲಾಖೆಯವರಿಗೆ ಬೇಜಾರಾಗುತ್ತದೆ. ಮನೆ ನೋಡಲು ಹೋದ ದಿನ ಅವರು ನಮ್ಮ ಸಂಬಳ ಕೇಳಲಿಲ್ಲ, ಜಾತಿ ಕೇಳಲಿಲ್ಲ. ಅದನ್ನೆಲ್ಲ ಬ್ರೋಕರ್ ಮೊದಲೇ ಕೇಳಿ ಹೇಳಿದ್ದ. ಅವರು ಕೇಳಿದ್ದು ಒಂದೇ.

"ಗೋಡೆಗೆ ಏನೇನು ತೂಗು ಹಾಕ್ತೀರಿ?"

ನಮ್ಮ ಯಜಮಾನರಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ದೇವರ ಫೋಟೋ, ಕ್ಯಾಲೆಂಡರು, ಮದುವೆ ಫೋಟೋ... ಎಲ್ಲರ ಹಾಗೇ ಸಾರ್."

"ಎಲ್ಲರ ಹಾಗೆ ಅಂದ್ರೆ ಈ ಮನೆ ಆಗಲ್ಲ," ಅಂದರು ಓನರ್. "ದೇವರನ್ನ ಶೆಲ್ಫಲ್ಲಿ ಇಡಿ. ಕ್ಯಾಲೆಂಡರ್ ಬೇಕಿದ್ರೆ ಕೆಳಗೆ ಬಂದು ನಮ್ಮನೇದು ನೋಡ್ಕೊಳ್ಳಿ. ಮದುವೆ ಆಗಿರೋದು ನಿಮಗೇ ಗೊತ್ತಿದೆಯಲ್ಲ, ಫೋಟೋ ಯಾರಿಗೆ ತೋರಿಸ್ಬೇಕು? ಮೊಳೆ ಹೊಡೆದವನು ಮನೆ ಹೊಡೀತಾನೆ."

ಈ ಕೊನೆಯ ಮಾತು ಅವರ ವೇದವಾಕ್ಯ. ಗೋಡೆಗೆ ಬಾಡಿಗೆದಾರ ಹೊಡೆದ ಒಂದೊಂದು ಮೊಳೆಯೂ ಅವನ ಹಕ್ಕಿನ ಬೇರು ಎಂದು ಅವರು ನಂಬಿದ್ದರು. ಹಳೇ ಭದ್ರಾವತಿಯ ಒಂದು ಮನೆಯ ಕಥೆಯನ್ನು ಅದಕ್ಕೆ ಸಾಕ್ಷಿಯಾಗಿ ಹೇಳುತ್ತಿದ್ದರು. ಮೊದಲು ಕ್ಯಾಲೆಂಡರಿಗೆ ಮೊಳೆ. ಆಮೇಲೆ ಹಲಗೆಗೆ ಮೊಳೆ. ಆಮೇಲೆ ಉಯ್ಯಾಲೆಗೆ ಕೊಕ್ಕೆ, ಹಿತ್ತಿಲಲ್ಲಿ ತಗಡಿನ ಶೆಡ್ಡು, ಕರೆಂಟ್ ಮೀಟರು. ಕೊನೆಗೆ ಕೋರ್ಟಿನಲ್ಲಿ ಬಾಡಿಗೆದಾರ ಎದೆ ಸೆಟೆಸಿ ನಿಂತು, ಈ ಮನೆಯಲ್ಲಿ ನಾನು ಹೊಡೆಯದ ಮೊಳೆ ಒಂದಿದ್ದರೆ ತೋರಿಸಲಿ ಅಂದನಂತೆ. ಮನೆ ಅವನದಾಯಿತಂತೆ. "ಹೋಯ್ತು ಮಾರಾಯ್ತಿ. ಕಲ್ಲಿನಂಥ ಮನೆ ಹೋಯ್ತು," ಎಂದು ಕಥೆ ಮುಗಿಸಿ ಅವರು ಹೆಗಲ ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಪಾಪ, ಅಪ್ಪನ ಮನೆ ಕಳೆದುಕೊಂಡ ನೋವು ಇರಬೇಕು ಎಂದು ನಾವೆಲ್ಲ ಅಂದುಕೊಂಡಿದ್ದೆವು. ಅವರ ಎಲ್ಲ ಅನ್ಯಾಯಕ್ಕೂ ಆ ಕಥೆ ಒಂದು ರೀತಿಯ ರಿಯಾಯಿತಿ ಚೀಟಿ ಆಗಿತ್ತು.

ನಮ್ಮ ಮದುವೆ ಫೋಟೋ ಆ ಮನೆಯಲ್ಲಿದ್ದಷ್ಟು ಕಾಲವೂ ನೆಲದ ಮೇಲೆ ಗೋಡೆಗೆ ಒರಗಿಕೊಂಡು ಕೂತಿತ್ತು. ಹಿಂದುಗಡೆ ಜಿರಲೆಗಳು ಸಂಸಾರ ಹೂಡಿದವು. ತಿಂಗಳಿಗೊಮ್ಮೆ ಓನರ್ ಮನೆ ನೋಡಲು ಬರುತ್ತಿದ್ದರು. ಬೆರಳಿನ ಗೆಣ್ಣಿನಿಂದ ಗೋಡೆಯನ್ನು ಅಲ್ಲಲ್ಲಿ ಕುಟ್ಟಿ, ತಲೆ ಓರೆ ಮಾಡಿ ಕೇಳಿಸಿಕೊಳ್ಳುತ್ತಿದ್ದರು, ಡಾಕ್ಟರು ರೋಗಿಯ ಬೆನ್ನು ಕುಟ್ಟಿ ನೋಡಿದ ಹಾಗೆ. ಆಮೇಲೆ ಕಾಫಿ ಕುಡಿದು, ಚೆನ್ನಾಗಿದೆ ಎಂದು ಹೇಳಿ ಹೋಗುತ್ತಿದ್ದರು. ಚೆನ್ನಾಗಿದ್ದದ್ದು ಕಾಫಿಯೋ ಗೋಡೆಯೋ ಎಂದು ನಾವು ಕೇಳಲಿಲ್ಲ.

ಮೇಲೆ ನಮ್ಮ ಎದುರಿನ ಬಾಡಿಗೆ ಮನೆಯಲ್ಲಿ ಒಬ್ಬ ಪುರೋಹಿತರ ಮಗ ಮತ್ತು ಅವನ ಹೆಂಡತಿ ಇದ್ದರು. ಅವರಿಗೆ ಮಗುವಾಯಿತು. ತೊಟ್ಟಿಲು ಕಟ್ಟಲು ಸೂರಿನಲ್ಲಿ ಒಂದು ಕೊಕ್ಕೆ ಬೇಕು ಎಂದು ಆ ಹುಡುಗಿ ಬಾಣಂತಿ ಮುಖ ಹೊತ್ತು ಕೆಳಗೆ ಹೋಗಿ ಕೇಳಿದಳು.

"ಮಗು ಎಷ್ಟು ದಿನ ತೊಟ್ಟಿಲಲ್ಲಿ ಮಲಗುತ್ತಮ್ಮ? ಕೊಕ್ಕೆ ಶಾಶ್ವತ," ಅಂದರು ಓನರ್. ನಾಮಕರಣವನ್ನು ಅವರು ತವರಿನಲ್ಲಿ ಮಾಡಿಕೊಂಡರು. ಓನರ್ ಅಲ್ಲಿಗೆ ಹೋಗಿ ಬೆಳ್ಳಿ ಲೋಟ ಕೊಟ್ಟು, ಹೋಳಿಗೆ ಕೇಳಿ ಹಾಕಿಸಿಕೊಂಡು ತಿಂದು ಬಂದರು.

ಜಿಪುಣರು ಅನ್ನೋಣವೆಂದರೆ ಅದೂ ಅಲ್ಲ. ನಮ್ಮ ಯಜಮಾನರಿಗೆ ಒಮ್ಮೆ ಟೈಫಾಯ್ಡ್ ಆಗಿ, ಆಸ್ಪತ್ರೆಯಿಂದ ಬಂದ ಮೇಲೂ ಡ್ರಿಪ್ ಹಾಕಬೇಕಾಯಿತು. ಹಿಂಭಾಗದ ಮನೆಯ ಸೆಲ್ವಿ ನರ್ಸಿಂಗ್ ಹೋಮಿನಲ್ಲಿ ಸ್ಟಾಫ್ ನರ್ಸು. ಅವಳೇ ಬಂದು ಸೂಜಿ ಚುಚ್ಚಿದಳು. ಬಾಟಲಿ ತೂಗು ಹಾಕಲು ಒಂದು ಮೊಳೆ ಬೇಕಲ್ಲ ಅಂದಳು. ಅಷ್ಟೇ ಸಾಕಾಯಿತು, ಮೆಟ್ಟಿಲ ಮೇಲೆ ಓನರ್ ಕಾಲಿನ ಸದ್ದು. ಬಾಟಲಿಯನ್ನು ಅವಳ ಕೈಯಿಂದ ತಗೊಂಡು, ತೋಳು ಮೇಲೆತ್ತಿ ನಿಂತರು. ಒಂದು ಕೈ ಸೋತರೆ ಇನ್ನೊಂದು ಕೈ. ಬಾಟಲಿ ಖಾಲಿಯಾಗುವವರೆಗೂ ಕೂರಲಿಲ್ಲ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ನಮ್ಮ ಯಜಮಾನರು ಇವತ್ತಿಗೂ "ಏನೇ ಹೇಳು, ಆ ಮನುಷ್ಯ ನನಗೋಸ್ಕರ ನಿಂತ" ಅನ್ನುತ್ತಾರೆ. ಅವರು ನಿಂತದ್ದು ಗೋಡೆಗೋಸ್ಕರ. ಗಂಡಸರಿಗೆ ಇಂಥದ್ದು ಗೊತ್ತಾಗುವುದಿಲ್ಲ.

ಒಮ್ಮೆ ಸಕ್ರೆಬೈಲಿನ ಆನೆ ಬಿಡಾರ ನೋಡಿಕೊಂಡು ಬಂದು ಅವರು ಎರಡು ದಿನ ಖುಷಿಯಲ್ಲಿದ್ದರು. "ಆನೆಯಂಥ ಬಾಡಿಗೆದಾರ ಸಿಗಬೇಕು ನೋಡಿ. ಕಟ್ಟಿದ ಕಡೆ ನಿಲ್ಲುತ್ತೆ, ಹೊಳೇಲಿ ಸ್ನಾನ ಮಾಡುತ್ತೆ, ಕೊಟ್ಟಿದ್ದು ತಿನ್ನುತ್ತೆ. ಒಂದು ಮೊಳೆ ಕೇಳಲ್ಲ," ಅಂದರು. ನಮ್ಮನ್ನು ನೋಡಿ ಅವರಿಗಾದ ನಿರಾಶೆ ಮುಖದಲ್ಲೇ ಇತ್ತು.

ಆಗ ಟಿವಿಯೆಂದರೆ ಕೇಬಲ್ಲು. ಆ ಕೇಬಲ್ಲೂ ನಮಗೆ ಬರುತ್ತಿದ್ದದ್ದು ಓನರ್ ಹಾಲಿನ ಮೂಲಕ. ಅವರೊಬ್ಬರು ಕನೆಕ್ಷನ್ ತಗೊಂಡು, ಕುರ್ಚಿಯ ಪಕ್ಕ ಒಂದು ಬೂಸ್ಟರ್ ಇಟ್ಟು, ಅಲ್ಲಿಂದ ಕಿಟಕಿಯಲ್ಲಿ ವೈರು ತೂರಿಸಿ ಮೂರು ಮನೆಗೂ ಹಂಚಿದ್ದರು. ಬೂಸ್ಟರಿನ ಸ್ವಿಚ್ಚು ಅವರ ಕೈಗೆಟಕುವಲ್ಲಿತ್ತು. ಅವರು ಮಲಗಿದರೆ ನಮ್ಮ ಟಿವಿಯೂ ಮಲಗಬೇಕು. ಅವರಿಗೆ ಏಕಾದಶಿಯಿಲ್ಲ, ಆದರೂ ಯಾರದೋ ಮೇಲೆ ಸಿಟ್ಟು ಬಂದ ದಿನ ಮೂರು ಮನೆಗೂ ಉಪವಾಸ. ದೇವರು ವರ ಕೊಟ್ಟರೂ ಪೂಜಾರಿ ಕೊಡುವುದಿಲ್ಲ ಎನ್ನುವ ಗಾದೆ ಕಟ್ಟಿದವನು ಬಾಡಿಗೆ ಮನೆಯಲ್ಲಿದ್ದವನೇ ಇರಬೇಕು.

ಆಮೇಲೆ ಡಿಶ್ ಕಾಲ ಬಂತು. ಅಕ್ಕಪಕ್ಕದ ತಾರಸಿಗಳ ಮೇಲೆ ಬಾಣಲೆಯಂಥ ಡಿಶ್‌ಗಳು ಒಂದೊಂದಾಗಿ ಎದ್ದವು. ನಮ್ಮ ತಾರಸಿ ಮಾತ್ರ ಬೋಳು. ಅದರ ಬಾಗಿಲಿಗೆ ಬೀಗ, ಬೀಗದ ಕೈ ಓನರ್ ಉಡಿದಾರದಲ್ಲಿ. ಸ್ನಾನಕ್ಕೂ ಅದನ್ನು ತೆಗೆಯುತ್ತಿರಲಿಲ್ಲ ಎಂದು ಅವರ ಹೆಂಡತಿಯೇ ಹೇಳಿದ್ದರು. ಮಳೆಗಾಲದಲ್ಲಿ ನಾವು ಬಟ್ಟೆಯನ್ನು ಕುರ್ಚಿಯ ಬೆನ್ನಿಗೆ, ಫ್ರಿಜ್ಜಿನ ಬಾಗಿಲಿಗೆ ಒಣಗಿಸಿಕೊಂಡು ಬದುಕಿದವರು. ಅಂಥಾದ್ದರಲ್ಲಿ ತಾರಸಿಗೆ ನಾಲ್ಕು ಬೋಲ್ಟು ಹೊಡೆದು ಡಿಶ್ ಕೂರಿಸುತ್ತೇವೆ ಅಂದರೆ ಕೇಳಬೇಕೆ.

ನಮಗೆ ಡಿಶ್ ಸೀರಿಯಲ್ಲಿನ ಚಪಲ. ಸೆಲ್ವಿಗೆ ಹಾಗಲ್ಲ.

ಸೆಲ್ವಿಯ ಅಪ್ಪ ಭದ್ರಾವತಿಯಲ್ಲಿ ಹುಟ್ಟಿ, ಅಲ್ಲಿನ ಕಾರ್ಖಾನೆಯ ಕುಲುಮೆಯ ಮುಂದೆ ಬೆಂದು ರಿಟೈರ್ ಆದ ಮನುಷ್ಯ. ಮನೆಯಲ್ಲಿ ತಮಿಳು, ಬೀದಿಯಲ್ಲಿ ನಮ್ಮೆಲ್ಲರಿಗಿಂತ ಜೋರು ಕನ್ನಡ. ಹೆಂಡತಿ ಸತ್ತ ಮೇಲೆ ಮಗಳ ಜೊತೆ ಇರಲು ಶಿವಮೊಗ್ಗಕ್ಕೆ ಬಂದರು. ಬಂದ ವರ್ಷವೇ ಪಾರ್ಶ್ವವಾಯು ಹೊಡೆದು ಮಂಚ ಹಿಡಿದರು. ಕನ್ನಡ ಪೂರ್ತಿ ಹೊರಟುಹೋಯಿತು. ಚಿಕ್ಕಂದಿನ ತಮಿಳು ನಾಲ್ಕು ಮಾತು ಉಳಿಯಿತು. ಕಿವಿಯ ಮೇಲೆ ಮಾತು ಬೀಳುತ್ತಿರಲಿ, ಸುಮ್ಮನೆ ಬಿಟ್ಟರೆ ಅದೂ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಸೆಲ್ವಿ ಡ್ಯೂಟಿಗೆ ಹೋದರೆ ಮಾತಾಡಲು ಯಾರಿದ್ದಾರೆ? ಓನರ್ ವೈರಿನಲ್ಲಿ ತಮಿಳು ಚಾನೆಲ್ ಬರುತ್ತಿರಲಿಲ್ಲ. ಒಂದು ಡಿಶ್ ಹಾಕಿಕೊಳ್ಳಲು ಬಿಡಿ ಎಂದು ಅವಳು ಕೇಳಿದಳು.

"ತಾರಸಿ ಮಾತು ಬಿಟ್ಟು ಬೇರೆ ಏನಾದ್ರೂ ಕೇಳು," ಅಂದರು ಓನರ್.

ಅವಳು ಬೇರೆಯದನ್ನೇ ಕೇಳಿದಳು. ಭದ್ರಾವತಿಯಲ್ಲಿದ್ದ ಅವಳ ಚಿಕ್ಕಪ್ಪ ವೆಲ್ಡರ್. ಎಣ್ಣೆ ಡಬ್ಬದಲ್ಲಿ ಕಾಂಕ್ರೀಟ್ ತುಂಬಿ, ನಡುವೆ ಕಬ್ಬಿಣದ ಪೈಪು ನಿಲ್ಲಿಸಿ, ಅದಕ್ಕೆ ಡಿಶ್ ಕೂರಿಸಿದರು. ಹಿತ್ತಿಲಲ್ಲಿ ಒಗೆಯುವ ಕಲ್ಲಿನ ಪಕ್ಕ ತಂದಿಟ್ಟರು. ಗೋಡೆಗೆ ತಾಗುವ ಹಾಗಿಲ್ಲ, ನೆಲಕ್ಕೆ ಮೊಳೆ ಇಲ್ಲ, ಯಾವಾಗ ಬೇಕಾದರೂ ಎತ್ತಬಹುದು. ಓನರ್ ಅದರ ಸುತ್ತ ಎರಡು ಸುತ್ತು ಬಂದರು. ಕಾಲಿನಿಂದ ಡಬ್ಬ ತಳ್ಳಿ ನೋಡಿದರು. ಅದು ಅಲುಗಿತು.

"ಇರ್ಲಿ ಬಿಡು. ನಾನೇನು ಕಟುಕನಾ?" ಅಂದರು.

ಅವತ್ತು ಸಂಜೆ ನಾನು ಆಫೀಸಿನಿಂದ ಬಂದವಳು ಸೆಲ್ವಿಯ ಮನೆಗೇ ಹೋದೆ. ಟಿವಿಯಲ್ಲಿ ತಮಿಳು ವಾರ್ತೆ ಓದುತ್ತಿದ್ದರು. ಮುದುಕರು ಬಲಗೈ ಸ್ವಲ್ಪ ಎತ್ತಿ, ವಾರ್ತೆ ಓದುವವಳಿಗೆ "ವಾಂಗ, ಉಕ್ಕಾರುಂಗ" ಅಂದರು. ಬನ್ನಿ, ಕೂತುಕೊಳ್ಳಿ. ಅವಳು ಕೂತೇ ಇದ್ದಳು. ಜಾಹೀರಾತಿನವರು ಬಂದರು, ಅವರಿಗೂ ಹೇಳಿದರು. ಸೆಲ್ವಿ ಬಾಗಿಲಿಗೆ ಒರಗಿ ನಿಂತು ಅತ್ತಳು, ನಾನೂ ಅತ್ತೆ. ಖುಷಿಗೆ ಅತ್ತದ್ದು ಆ ಕಾಂಪೌಂಡಿನಲ್ಲಿ ಅದೇ ಮೊದಲು.

ಮರುದಿನ ಹಿತ್ತಿಲಲ್ಲಿ ಹೊಸ ಹಗ್ಗ ಕಟ್ಟಿತ್ತು, ಡಿಶ್ ಮುಖಕ್ಕೆ ಸರಿಯಾಗಿ. ಹಗ್ಗದ ಮೇಲೆ ಓನರ್ ಮನೆಯ ದಪ್ಪ ಜಮಖಾನ, ನೀರು ಸುರಿಯುತ್ತಿತ್ತು. ಒದ್ದೆ ಜಮಖಾನ ಅಡ್ಡ ಬಂದರೆ ಡಿಶ್ಶಿಗೆ ಆಕಾಶ ಕಾಣುವುದಿಲ್ಲ. ಟಿವಿ ಕಪ್ಪಾಯಿತು. ಸೆಲ್ವಿ ಡಬ್ಬವನ್ನು ಸರಿಸಿದಳು. ಸಂಜೆಯ ಹೊತ್ತಿಗೆ ಹಗ್ಗವೂ ಸರಿಯಿತು. ಸೆಲ್ವಿ ಕೇಳಲು ಹೋದಳು.

"ನಾನು ನಿನ್ನ ಡಿಶ್ ಮುಟ್ಟಿದ್ನಾ? ನಮ್ಮ ಹಿತ್ತಿಲಲ್ಲಿ ನಾವು ಬಟ್ಟೆ ಒಣಗಿಸ್ಬಾರ್ದಾ?" ಅಂದರು ಓನರ್.

ಆಮೇಲೆ ದಿನಾ ಆ ಜಮಖಾನ ಒಗೆದರು. ಓನರ್ ಒಗೆಯಲಿಲ್ಲ, ಅವರ ಹೆಂಡತಿ ಒಗೆದರು. ಆ ಆಂಟಿ ಮಾತು ಕಡಿಮೆ, ಕೀಲುನೋವು ಬೇರೆ. ನೆನೆದ ಜಮಖಾನ ಎತ್ತಿ ಹಗ್ಗಕ್ಕೆ ಎಸೆಯುವಾಗ ಅವರು ನರಳುವುದು ಮೇಲಿನವರೆಗೂ ಕೇಳುತ್ತಿತ್ತು. ಒಣಗುವ ಹೊತ್ತಿಗೆ ಓನರ್ ಬಂದು ಮತ್ತೆ ಒಂದು ಬಕೆಟ್ ನೀರು ಹೊಯ್ಯುತ್ತಿದ್ದರು. ಅಷ್ಟು ಶುಭ್ರವಾದ ಜಮಖಾನ ಇಡೀ ವಿದ್ಯಾನಗರದಲ್ಲಿ ಇನ್ನೊಂದು ಇರಲಿಲ್ಲ. ಒಳಗೆ ಮುದುಕರು ಕಪ್ಪು ಟಿವಿಯನ್ನು ನೋಡಿ "ಪೋಯಿಟ್ಟಾಂಗ" ಅನ್ನುತ್ತಿದ್ದರು. ಹೊರಟುಹೋದರು. ಸ್ವಲ್ಪ ದಿನ ಅದನ್ನೇ ಹೇಳಿ, ಆಮೇಲೆ ಅದನ್ನೂ ನಿಲ್ಲಿಸಿ ಗೋಡೆ ಕಡೆ ಮುಖ ಮಾಡಿದರು.

ಸೆಲ್ವಿ ಕೈ ಮುಗಿದಳು. "ಸಾರ್, ಅಪ್ಪನ ಹತ್ರ ಮಾತಾಡೋರು ಯಾರೂ ಇಲ್ಲ ಸಾರ್."

"ಅಷ್ಟೇನಾ? ನಾನೇ ಬಂದು ಮಾತಾಡ್ತೀನಿ."

ನಿಜವಾಗಿಯೂ ಬಂದರು. ದಿನಾ ಸಂಜೆ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಕನ್ನಡ ಮರೆತ ಮನುಷ್ಯನಿಗೆ ಕನ್ನಡದಲ್ಲಿ ಬಾಡಿಗೆ ಕಾನೂನು ಹೇಳಿದರು. ಎದ್ದು ಹೋಗಲಾರದ ಕೇಳುಗ ಅವರಿಗೆ ಜೀವಮಾನದಲ್ಲಿ ಮೊದಲ ಸಲ ಸಿಕ್ಕಿದ್ದ. ಮುದುಕರ ಕಣ್ಣು ಗೋಡೆಯ ಮೇಲೇ ಇರುತ್ತಿತ್ತು. ಆ ಗೋಡೆಯಲ್ಲಿ ನೋಡಲು ಒಂದು ಮೊಳೆಯೂ ಇರಲಿಲ್ಲ.

ಒಂದು ಭಾನುವಾರ ಸೆಲ್ವಿಗೆ ಡ್ಯೂಟಿ ಇತ್ತು. ನಾನು ಗಂಜಿ ಕುಡಿಸಲು ಹೋಗಿದ್ದೆ. ಓನರ್ ತಮ್ಮ ಹಳೇ ಭದ್ರಾವತಿಯ ಮನೆಯ ಕಥೆ ತೆಗೆದಿದ್ದರು. ಹೊಳೆ ಕಡೆಯ ಬಾಗಿಲು, ಮೊದಲ ಮೊಳೆ, ಎರಡನೆಯ ಮೊಳೆ, ಉಯ್ಯಾಲೆಯ ಕೊಕ್ಕೆ. "ಹೋಯ್ತು, ಕಲ್ಲಿನಂಥ ಮನೆ ಹೋಯ್ತು," ಅಂದರು. ಆಗ ಮುದುಕರು ತಲೆ ಇತ್ತ ತಿರುಗಿಸಿ, ಅವರ ಮುಖವನ್ನೇ ನೋಡಿ ನಕ್ಕರು. ವಾರೆಯಾದ ಬಾಯಲ್ಲಿ, ಸದ್ದು ಮಾಡಿ, ನಿಲ್ಲಿಸದೆ ನಕ್ಕರು. ಬಾಯಲ್ಲಿದ್ದ ಗಂಜಿ ಕೆನ್ನೆಯ ಮೇಲೆ ಇಳಿಯಿತು.

ಓನರ್ ಮುಖ ಬಿಳಿಚಿತು. ಕುರ್ಚಿಯನ್ನು ಅಲ್ಲೇ ಬಿಟ್ಟು ಎದ್ದು ಹೋದರು. ಮತ್ತೆ ಆ ಮನೆಗೆ ಕಾಲಿಡಲಿಲ್ಲ. ಮರುದಿನ ಸೆಲ್ವಿಯನ್ನು ಗೇಟಿನಲ್ಲೇ ನಿಲ್ಲಿಸಿ, ಮನೆ ಖಾಲಿ ಮಾಡು ಅಂದರು. ಕಾರಣ ಕೇಳಿದಳು. ನಮಗೇ ಬೇಕು ಅಂದರು. ನಾವು ಮೇಲಿನ ಎರಡು ಮನೆಯವರೂ ಹೋಗಿ ಕೇಳಿಕೊಂಡೆವು. ಬೂಸ್ಟರ್ ಆಫ್ ಮಾಡಿ ಕಣ್ಣು ಮುಚ್ಚಿಕೊಂಡರು. ನರ ಸತ್ತ ರೋಗಿಯ ನಗುವಿಗೆ ಇಷ್ಟು ಸಿಟ್ಟೇ ಎಂದು ನಮಗೆ ಆಶ್ಚರ್ಯವಾಯಿತು.

ಸುರಿಯುವ ಮಳೆಯಲ್ಲಿ ಟೆಂಪೋ ತಂದು, ಮುದುಕರನ್ನು ಹಾಸಿಗೆ ಸಮೇತ ಎತ್ತಿ ಹಿಂದೆ ಮಲಗಿಸಿ, ಪ್ಲಾಸ್ಟಿಕ್ ಹೊದಿಸಿ ಭದ್ರಾವತಿಗೆ ಒಯ್ದರು. ಡಿಶ್ ನಿಂತಿದ್ದ ಎಣ್ಣೆ ಡಬ್ಬವೂ ಅವರ ಕಾಲ ಬುಡದಲ್ಲಿತ್ತು. ಅಲ್ಲಿನ ಮನೆ ಮಾಲೀಕರು ಒಳ್ಳೆಯವರು, ಎಲ್ಲಿ ಬೇಕಾದರೂ ಡಿಶ್ ಹಾಕಿಕೊಳ್ಳಿ ಅಂದರಂತೆ. ಹಾಕುವವನು ಮಳೆ ನಿಲ್ಲಲಿ ಅಂದನಂತೆ. ಮಳೆ ನಿಲ್ಲುವುದರೊಳಗೆ ಮುದುಕರು ಹೋದರು. ಕೊನೆಯ ದಿನಗಳಲ್ಲಿ ಬಾಯಿಂದ ಒಂದು ಮಾತೂ ಹೊರಡಲಿಲ್ಲ ಅಕ್ಕ, ಎಂದು ಸೆಲ್ವಿ ಫೋನಿನಲ್ಲಿ ಹೇಳಿದಳು. ನಾನು ಆ ವಿಷಯವನ್ನು ಓನರಿಗೆ ಬೇಕೆಂದೇ ಹೋಗಿ ಹೇಳಿದೆ. ಅವರು ಖಾಲಿ ಮನೆಯ ಗೋಡೆ ಕುಟ್ಟಿ ನೋಡುತ್ತಿದ್ದರು.

"ಒಳ್ಳೆ ಜೀವ," ಅಂದರು. "ಗೋಡೆ ಚೆನ್ನಾಗಿ ಇಟ್ಕೊಂಡಿದ್ರು."

ಅವತ್ತಿನಿಂದ ಆ ಮನುಷ್ಯನನ್ನು ನಾನು ದ್ವೇಷಿಸಿದೆ. ವರ್ಷದೊಳಗೆ ನಾವೂ ಭದ್ರಾವತಿಯಲ್ಲಿ ಮನೆ ಮಾಡಿಕೊಂಡು ಹೊರಟೆವು. ಅಲ್ಲಿಗೆ ಹೋದ ದಿನವೇ ನಾನು ಹಾಲಿನ ನಡುಗೋಡೆಗೆ ಮೊಳೆ ಹೊಡೆದು ಮದುವೆ ಫೋಟೋ ತೂಗು ಹಾಕಿದೆ. ಜಿರಲೆಗಳು ಚೌಕಟ್ಟಿನ ಅಂಚನ್ನು ತಿಂದಿದ್ದವು.

ಈಗ ಅವರು ವರಾಂಡದಲ್ಲಿ ಹಾರ ಹಾಕಿಕೊಂಡು ಕೂತಿದ್ದರು, ಮೇಲೆ ಡ್ರಿಲ್ಲಿಂಗ್ ನಡೆಯುತ್ತಿತ್ತು. ಆಂಟಿ ಒಳಗಿನ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಕೈ ಹಿಡಿದು ಪಕ್ಕ ಕೂತೆ. ಜಮಖಾನ ಒಗೆದು ಒಗೆದು ಸೊಟ್ಟಗಾದ ಬೆರಳುಗಳು.

"ಮೇಲೆ ಏನು ಆಂಟಿ ಅದು, ಇಂಥ ದಿನ?" ಅಂತ ಮೆಲ್ಲಗೆ ಕೇಳಿದೆ.

"ಬಾಡಿಗೆಯವರು ಡಿಶ್ ಹಾಕಿಸ್ತಿದ್ದಾರೆ. ನಾನೇ ಹಾಕಿಸ್ಕೊಳ್ಳಿ ಅಂದೆ." ಅವರು ಸೆರಗಿನ ತುದಿಯಿಂದ ಬೀಗದ ಕೈ ಬಿಚ್ಚಿ ತೋರಿಸಿದರು. ಕಪ್ಪು ಉಡಿದಾರದ ತುಂಡು ಇನ್ನೂ ಅದಕ್ಕೆ ಅಂಟಿಕೊಂಡಿತ್ತು. "ಸ್ನಾನ ಮಾಡಿಸೋಕೆ ಮುಂಚೆ ಕತ್ತರಿಸ್ಕೊಂಡೆ. ಆಮೇಲೆ ಗಂಡಸರ ಕೈಗೆ ಹೋದ್ರೆ ಮತ್ತೆ ಸಿಗಲ್ಲ."

ನಾನು ಅವರ ಬೆರಳುಗಳನ್ನು ಸವರಿದೆ. "ಅವರಿಗೂ ಒಂದು ನೋವಿತ್ತಲ್ಲ ಆಂಟಿ. ಭದ್ರಾವತಿ ಮನೆ ಹೋಗಿದ್ದು..."

ಆಂಟಿ ನನ್ನ ಮುಖ ನೋಡಿದರು. "ಆ ಮನೆ ಇವರದು ಅಂತ ಯಾರು ಹೇಳಿದ್ರು ನಿನಗೆ? ಅಲ್ಲಿ ಬಾಡಿಗೆಗೆ ಇದ್ದಿದ್ದೇ ಇವರು. ಯಾರೋ ಗಂಡ ಸತ್ತ ಹೆಂಗಸಿನ ಮನೆ. ಮಾವ ಮೊಳೆ ಹೊಡೆಯೋರು, ಇವರು ಏಣಿ ಹಿಡ್ಕೊಳ್ಳೋರು. ಕೋರ್ಟಲ್ಲಿ ಹಾಗಂತ ಎದೆ ಸೆಟೆಸಿ ಹೇಳಿದ್ದೂ ನಮ್ಮ ಮಾವನೇ. ನಾನು ಮದುವೆಯಾಗಿ ಆ ಮನೆಗೇ ಬಂದೆ. ಆ ಹೆಂಗಸು ಒಂದೊಂದಿನ ಬಂದು ಬೇಲಿ ಹತ್ರ ನಿಂತು ತನ್ನ ಮನೆ ನೋಡ್ತಿದ್ಲು. ಒಂದು ಲೋಟ ನೀರು ಕೊಡೋಕೂ ಬಿಡ್ಲಿಲ್ಲ ಇವರು. ಅದನ್ನ ಮಾರಿ ಈ ಸೈಟು ತಗೊಂಡಿದ್ದು."

"ಹಾಗಾದ್ರೆ ಸೆಲ್ವಿ ಅಪ್ಪ ನಕ್ಕಿದ್ದು..."

"ಆತ ಭದ್ರಾವತಿಯೋನು. ಗೊತ್ತಿತ್ತೋ ಇಲ್ವೋ, ಪಾಪ, ದೇವರೇ ಬಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಇವರು ಹೆಗಲು ಮುಟ್ಟಿ ನೋಡ್ಕೊಂಡ್ರು. ಅವತ್ತು ರಾತ್ರಿಯೆಲ್ಲ, ಅವನಿಗೆ ಗೊತ್ತು, ಅವನಿಗೆ ಗೊತ್ತು ಅಂತ ಕೂತಿದ್ರು. ನಾನು ಒಬ್ಬಳಿಗೂ ಹೇಳ್ಲಿಲ್ಲ. ಹೇಳ್ದೇ ಇದ್ದಿದ್ದಕ್ಕೆ ಜಮಖಾನ ಒಗೆದೆ."

ಹೊರಗೆ ಮಂತ್ರ ಮುಗಿದಿತ್ತು. ಕುರ್ಚಿ ಸಮೇತ ಎತ್ತಲು ಗಂಡಸರು ಸುತ್ತ ಸೇರಿದರು. ಆಂಟಿಯನ್ನು ನಾನು ಬಾಗಿಲವರೆಗೆ ನಡೆಸಿಕೊಂಡು ಬಂದೆ. ಅಳು ಜೋರಾಯಿತು. ಹೆಣ ಅಂಗಳಕ್ಕೆ ಇಳಿದದ್ದು ಕಂಡು ತಾರಸಿಯ ಮೇಲಿನವನು ಮರ್ಯಾದೆಗೆ ಮೆಷಿನ್ ಆಫ್ ಮಾಡಿ, ಟೋಪಿ ತೆಗೆದು ಅಂಚಿನಲ್ಲಿ ನಿಂತ. ಆಂಟಿ ಕಣ್ಣೊರೆಸಿಕೊಂಡು ತಲೆಯೆತ್ತಿದರು. ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು ಮೆಲ್ಲಗೆ ಅಂದರು.

"ನಿಲ್ಲಿಸ್ಬೇಡ ಅನ್ನು ಅವನಿಗೆ. ಇವರು ಗೇಟು ದಾಟೋವರೆಗೂ ಹೊಡೀಲಿ. ಕೇಳಿಸ್ಕೊಂಡೇ ಹೋಗ್ಲಿ."